ಕಾಗದದ ಚಪ್ಪಾಳೆ

ಶೂ ಕಪಾಟಿನ ಹಿಂದೆ ಜಾರಿಬಿದ್ದ ಬೀಗದ ಕೈ ಹುಡುಕಲು ಹೋಗಿ ಮೊನ್ನೆ ನನಗೆ ಸಿಕ್ಕಿದ್ದು ಒಂದು ಹಳದಿ ಕಾಗದದ ಬೀಸಣಿಗೆ. ಗಾಳಿ ಹಾಕಿಕೊಳ್ಳುವ ಬೀಸಣಿಗೆಯಲ್ಲ. ದಪ್ಪ ಡ್ರಾಯಿಂಗ್ ಹಾಳೆಯನ್ನು ಉದ್ದುದ್ದಕ್ಕೆ ಮಡಿಸಿ, ಒಂದು ತುದಿಗೆ ಟೇಪು ಸುತ್ತಿ ಹಿಡಿ ಮಾಡಿರುತ್ತಾರೆ. ಇನ್ನೊಂದು ತುದಿಯನ್ನು ಅಂಗೈಗೆ ಬಡಿದರೆ ‘ಪಟ್’ ಎನ್ನುತ್ತದೆ. ಇಲ್ಲಿ ಜಪಾನಿನಲ್ಲಿ ಇದನ್ನು ಹರಿಸೆನ್ ಎನ್ನುತ್ತಾರೆ. ಕೈ ಸುಮ್ಮನಿರದೆ ಒಂದು ಸಲ ಬಡಿದೆ. ಧೂಳೆದ್ದು ಸೀನು ಬಂತು. ಸೀನಿನ ಹಿಂದೆಯೇ, ನಾನು ಬೇಡವೆಂದರೂ, ಆ ಭಾನುವಾರ ಬಂದು ನಿಂತಿತು.

ಕೊರೋನಾದ ಆ ವರ್ಷಗಳಲ್ಲಿ ಬಾಯಿ ಎನ್ನುವುದೇ ಅಪಾಯದ ವಸ್ತುವಾಗಿದ್ದದ್ದು ನಿಮಗೂ ನೆನಪಿರಬಹುದು. ನಾವಿರುವ ನಿಶಿ ಕಸಾಯಿಯಿಂದ ಹೊರಡುವ ರೈಲಿನಲ್ಲಿ ಕೆಮ್ಮು ಬಂದರೆ ಜನ ಕಳ್ಳರನ್ನು ನೋಡಿದಂತೆ ನೋಡುತ್ತಿದ್ದರು. ಮಕ್ಕಳ ಆಟ ನೋಡಲು ಒಂದು ಮಗುವಿಗೆ ಒಬ್ಬ ಪೋಷಕರು ಮಾತ್ರ, ಮಾಸ್ಕ್ ಕಡ್ಡಾಯ, ದನಿ ಎತ್ತುವಂತಿಲ್ಲ. ಮಗಳ ತಂಡದ ಪೋಷಕರ ಮುಖ್ಯಸ್ಥೆ ಮಿಯಾತಾ ಸಾನ್ ಅದಕ್ಕೊಂದು ಉಪಾಯ ಹುಡುಕಿದರು. ಮನೆಯಲ್ಲೇ ಕೂತು ಎಲ್ಲರಿಗೂ ಒಂದೊಂದು ಹರಿಸೆನ್ ಮಡಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಶಾಲೆಯ ಗೇಟಿಗೆ ತೂಗುಹಾಕಿ ಹೋದರು. ನನ್ನದರ ಮೇಲೆ ‘ಅನಘಾ ಚಾನ್ ತಾಯಿಗೆ’ ಎಂಬ ಚೀಟಿಯಿತ್ತು.

ಅನಘಾ ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಇಲ್ಲಿ ಹೈಸ್ಕೂಲೆಂದರೆ ನಮ್ಮ ಪಿಯುಸಿ ಮುಗಿಯುವವರೆಗೂ. ಅವಳು ಆಡುತ್ತಿದ್ದುದು ಲಕ್ರಾಸ್. ಕೋಲಿನ ತುದಿಗೊಂದು ಪುಟ್ಟ ಬಲೆ. ಅದರಲ್ಲಿ ರಬ್ಬರ್ ಚೆಂಡನ್ನು ಹಿಡಿದು, ತೊಟ್ಟಿಲು ತೂಗಿದ ಹಾಗೆ ತೂಗುತ್ತಾ ಓಡಿ, ಗೋಲಿಗೆ ಎಸೆಯಬೇಕು. “ಚಿಟ್ಟೆ ಹಿಡಿಯೋ ಬಲೇಲಿ ಹಾಕಿ ಆಟ ಆಡ್ತಾರೆ ಕಣ್ರಪ್ಪಾ,” ಎಂದು ನನ್ನ ಗಂಡ ಬೆಂಗಳೂರಿಗೆಲ್ಲ ಫೋನ್ ಮಾಡಿ ನಗುತ್ತಿದ್ದರು.

ಹುಡುಗಿಯರ ಲಕ್ರಾಸ್‌ನಲ್ಲಿ ನನಗೆ ಬಹಳ ಹಿಡಿಸಿದ್ದ ನಿಯಮವೊಂದಿತ್ತು. ಅಂಪೈರ್ ಸೀಟಿ ಊದಿದ ಕ್ಷಣ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಮತ್ತೆ ಸೀಟಿ ಊದುವವರೆಗೆ ಯಾರೂ ಕದಲುವಂತಿಲ್ಲ. ರಾಜಾಜಿನಗರದ ಬೀದಿಯಲ್ಲಿ ನಾವಾಡುತ್ತಿದ್ದ ‘ಸ್ಟ್ಯಾಚ್ಯೂ’ ಆಟವೇ! “ಕಣ್ಣು ಮಿಟುಕ್ಸಿದೆ, ನಾನ್ ನೋಡ್ದೆ, ಔಟ್!” ಎಂದು ಅಕ್ಕ ನನ್ನನ್ನು ಅಳಿಸುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಅಕ್ಕನನ್ನು ಕೇಳಿದರೆ ಹಾಗೆ ಅಳಿಸುತ್ತಿದ್ದವಳು ನಾನೇ ಅಂತೆ. ಇಬ್ಬರಲ್ಲಿ ಯಾರದು ಸರಿಯೋ, ಅತ್ತದ್ದಂತೂ ನಿಜ.

ಆ ನಿಯಮ ಬದಲಾಯಿತು. ಎದುರಾಳಿಯ ಫೌಲಿಗೆ ಗುರಿಯಾದ ಹುಡುಗಿ ಇನ್ನೊಂದು ಸೀಟಿಗೆ ಕಾಯಬೇಕಿಲ್ಲ. ಒಂದು ಗಳಿಗೆ ನಿಂತು, ತಾನೇ ಆಟ ಮುಂದುವರಿಸಬಹುದು. ಉಳಿದವರೂ ಕದಲಬಹುದು. ಮಗಳ ಶಾಲೆಯಲ್ಲಿ ಇದನ್ನು ಕಲಿಸುವ ಹೊತ್ತಿಗೆ ಸರಿಯಾಗಿ ಶಾಲೆ ಮುಚ್ಚಿ, ಹುಡುಗಿಯರು ಹೊಸ ನಿಯಮವನ್ನು ಕಂಪ್ಯೂಟರ್ ಪರದೆಯಲ್ಲೇ ಕಲಿತರು. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿ, ಮೊಸರಿನ ಡಬ್ಬಿಗಳನ್ನು ಆಟಗಾರರನ್ನಾಗಿ ನಿಲ್ಲಿಸಿ ಅನಘಾ ನಮಗೆ ವಿವರಿಸಿದಳು.

“ಬಟ್ ಬಾಡಿ ಮರ್ಯಲ್ಲ ಅಮ್ಮ. ವಿಸಲ್ ಕೇಳಿದ್ರೆ ಸಾಕು, ಎಲ್ರೂ ಸ್ಟಾಪ್.”

“ಹಾಗಾದ್ರೆ ಯಾರಿಗೆ ಫಸ್ಟ್ ನೆನಪಾಗುತ್ತೋ ಅವರು ಗೆದ್ರು!” ಎಂದರು ಇವರು.

“ಅಪ್ಪಾ, ದಟ್ಸ್ ನಾಟ್ ದ ಪಾಯಿಂಟ್.”

ನಾನು ಅವಳ ಪರವಾಗಿ ತಲೆಯಾಡಿಸಿದೆ. ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರ ಓದಿದವಳು. ನಿಯಮ, ನ್ಯಾಯ ಎಂದರೆ ತಲೆಯಾಡಿಸುವ ಅಭ್ಯಾಸ ಅಲ್ಲಿಂದಲೇ ಬಂದದ್ದು.

ಆ ವರ್ಷ ದೊಡ್ಡ ಪಂದ್ಯಾವಳಿಗಳೆಲ್ಲ ರದ್ದಾದವು. ಪಾಪ ಹುಡುಗಿಯರು ಎಂದು ನಾಲ್ಕಾರು ಶಾಲೆಗಳು ಸೇರಿ ನದೀದಂಡೆಯ ಮಣ್ಣಿನ ಮೈದಾನದಲ್ಲಿ ಚಿಕ್ಕದೊಂದನ್ನು ಏರ್ಪಡಿಸಿದವು. ಕೊನೆಯ ವರ್ಷದವರು ಸೋತ ದಿನವೇ ಕೋಲು ಕೆಳಗಿಡುವುದು ಇಲ್ಲಿನ ಪದ್ಧತಿ. ಗೆದ್ದರೆ ಇನ್ನೊಂದು ಆಟ, ಸೋತರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಅನಘಾಳಿಗೂ, ಎದುರು ತಂಡದ ಆ ವಯಸ್ಸಿನ ಹುಡುಗಿಯರಿಗೂ ಆ ಭಾನುವಾರ ಎಷ್ಟು ದೊಡ್ಡದೆಂದು ನೀವೇ ಊಹಿಸಿ. ಹಿಂದಿನ ರಾತ್ರಿ ಅವಳು ಚಪಾತಿ ಮುಟ್ಟಲಿಲ್ಲ. ಬರೀ ಮೊಸರನ್ನ ತಿಂದು ಮಲಗಿದ್ದಳು.

ಆಟ ನಡೆಯುತ್ತಿದ್ದರೂ ಮೈದಾನ ನಿಶ್ಶಬ್ದ. ನಮ್ಮ ಸಾಲಿನಲ್ಲಿ ಪಟ್ ಪಟ್, ಎದುರು ಸಾಲಿನಲ್ಲಿ ಬರಿಗೈ ಚಪ್ಪಾಳೆ. ಎರಡೂ ತಂಡಗಳ ಗೋಲು ಸಮವಾಗಿ, ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಅನಘಾಳ ಕೈಗೆ ಎದುರು ತಂಡದ ಯಾರದೋ ಕೋಲು ಬಡಿಯಿತು. ಸೀಟಿ. ಎಲ್ಲರೂ ನಿಂತರು. ಹೊಸ ನಿಯಮ ಯಾರಿಗೂ ನೆನಪಿಲ್ಲ. ಎಲ್ಲರ ಮೈಯಲ್ಲೂ ಹಳೆಯದೇ. ಎದುರು ತಂಡದ ಗೋಲ್‌ಕೀಪರ್ ಹುಡುಗಿ ಕೋಲು ಇಳಿಸಿ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಅನಘಾಳೂ ನಿಂತೇ ಇದ್ದಳು. ಚೆಂಡು ಅವಳ ಬಲೆಯಲ್ಲಿತ್ತು.

ಆಗ ನಾನು ಕೂಗಿದೆ. ಕನ್ನಡದಲ್ಲಿ.

ಮಗಳು ಓಡಿದಳು. ಕಲ್ಲಾಗಿ ನಿಂತಿದ್ದ ಹುಡುಗಿಯರ ನಡುವೆ ಓಡಿಹೋಗಿ ಎಸೆದಳು. ಚೆಂಡು ಗೋಲಿನ ಬಲೆಯೊಳಗೆ ಬಿದ್ದ ಮೇಲೆ ಆ ಗೋಲ್‌ಕೀಪರ್ ಕೋಲು ಎತ್ತಿದಳು. ಅಂಪೈರ್ ಗೋಲೆಂದು ಸಾರಿದರು. ನಿಯಮದ ಪ್ರಕಾರ ಅದು ಗೋಲೇ.

ಇನ್ನೊಂದು ಮಾತು ಹೇಳಬೇಕು. ಹದಿನೇಳು ವರ್ಷ ನಾನು ಈ ಹುಡುಗಿಗೆ ಕನ್ನಡದಲ್ಲಿ ಹೇಳಿದ್ದನ್ನು ಅವಳು ಮೊದಲ ಸಲಕ್ಕೇ ಕೇಳಿದ್ದಿಲ್ಲ. ‘ಏಳು’ ಎಂದರೆ ಜಪಾನಿಯಲ್ಲಿ ‘ಇನ್ನು ಸ್ವಲ್ಪ’, ‘ತಿನ್ನು’ ಎಂದರೆ ಇಂಗ್ಲಿಷಿನಲ್ಲಿ ‘ಲೇಟರ್’. ಅವತ್ತು ಮಾತ್ರ ಒಂದೇ ಕೂಗಿಗೆ ಓಡಿದಳು.

ಗೋಲಾದ ಮೇಲೆ ಸ್ವಯಂಸೇವಕನೊಬ್ಬ ‘ದಯವಿಟ್ಟು ದನಿ ಎತ್ತಬೇಡಿ’ ಎಂದು ಬರೆದ ಫಲಕ ಹಿಡಿದು ನಮ್ಮ ಸಾಲಿನ ಮುಂದೆ ಬಂದು ನಿಂತ. ಕೂಗಿದ್ದು ಯಾರೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ಎಲ್ಲರ ಮುಖಕ್ಕೂ ಮಾಸ್ಕ್. ಯಾರೋ ಗಂಟಲು ಕಿತ್ತುಕೊಂಡದ್ದು ಕೇಳಿಸಿತ್ತು, ಅಷ್ಟೆ. ನಾನು ಎದ್ದು ನಿಂತಿದ್ದರೆ ಮುಗಿಯುತ್ತಿತ್ತು. ಕೂತೇ ಇದ್ದೆ. ಎದ್ದವರು ಮಿಯಾತಾ ಸಾನ್. ಎದುರು ಸಾಲಿನ ಪೋಷಕರ ಕಡೆ ತಿರುಗಿ, ಸೊಂಟ ಬಾಗಿಸಿ, ಹಾಗೇ ನಿಂತರು. ಅವರ ಹಿಂದೆ ನಮ್ಮ ಸಾಲಿನ ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಬಾಗಿದರು. ತುಟಿ ಎರಡು ಮಾಡದವರೆಲ್ಲ ನನ್ನ ತಪ್ಪಿಗೆ ಬಾಗಿದ ಮೇಲೆ, ಅವರಲ್ಲಿ ಒಬ್ಬಳಂತೆ, ಕೊನೆಗೆ ನಾನೂ ಬಾಗಿದೆ.

ಗೆದ್ದರು. ಎದುರು ತಂಡದ ಹುಡುಗಿಯರು ಮೈದಾನಕ್ಕೆ ನಮಸ್ಕರಿಸಿ, ಮಾಸ್ಕಿನೊಳಗೇ ಅತ್ತರು. ಅವತ್ತಿನ ನನ್ನ ದಿನಚರಿಯಲ್ಲಿ ‘ಗೆದ್ದರು. ಬಿಸಿಲು ಜಾಸ್ತಿ’ ಎಂದಷ್ಟೇ ಇದೆ. ದಿನಚರಿ ಬರೆಯುವವರನ್ನು ನಂಬಬೇಡಿ ಎಂದು ನಾನು ಹೇಳುವುದು ಸುಮ್ಮನೆ ಅಲ್ಲ.

ಮನೆಗೆ ಬರುವಾಗ ರೈಲಿನಲ್ಲಿ ಅನಘಾ ಒಂದು ಸೀಟು ಬಿಟ್ಟು ಕೂತಳು. ಅಂತರ ಕಾಯ್ದುಕೊಳ್ಳುವ ಕಾಲ, ಯಾರಿಗೂ ಏನೂ ಅನ್ನಿಸುವಂತಿರಲಿಲ್ಲ. ಮನೆಯಲ್ಲಿ ಇವರು ಬಾಗಿಲಲ್ಲೇ ಕೈ ಚಾಚಿ, “ಚಾಂಪಿಯನ್!” ಎಂದರು. ಅವಳು ಶೂ ಬಿಚ್ಚುತ್ತಾ, ನನ್ನತ್ತ ನೋಡದೆ ಕೇಳಿದಳು.

“ಅಮ್ಮ, ಕನ್ನಡದಲ್ಲಿ ಯಾಕ್ ಕೂಗ್ದೆ?”

ಅವಳು ಇಂಗ್ಲಿಷ್ ಬೆರೆಸದೆ ನನಗೆ ಹೇಳಿದ ವಾಕ್ಯಗಳನ್ನು ಬೆರಳಲ್ಲಿ ಎಣಿಸಬಹುದು. ಅದು ಅವುಗಳಲ್ಲೊಂದು.

“ಬಾಯಿಗ್ ಬಂತು ಕಣೇ. ಗಾಬರೀಲಿ ಅದೇ ತಾನೆ ಬರೋದು? ‘ಓಡೇ’ ಅಂದೆ ಅಷ್ಟೆ.”

“ಅಷ್ಟೆ ಅಲ್ಲ. ‘ಓಡೇ, ಅವರಿಗ್ ಗೊತ್ತಾಗಿಲ್ಲ’ ಅಂದೆ.”

“ಅಯ್ಯೋ, ಬಿಡೇ ಪುಟ್ಟಿ,” ಎಂದರು ಇವರು. “ಕ್ರಿಕೆಟ್ ಮ್ಯಾಚಲ್ಲಿ ಕಿರುಚದೇ ಇರೋರು ಯಾರು? ಗೋಲು ಗೋಲೇ.”

“ಅಪ್ಪಾ, ನಂಗ್ ಮಾತ್ರ ಹೇಳ್ಕೊಟ್ರು. ಅವರ್‌ಗೆ ಹೇಳ್ಕೊಡೋಕೆ ಯಾರೂ ಇರ್ಲಿಲ್ಲ.” ಅಷ್ಟು ಹೇಳಿ ಕೋಣೆಗೆ ಹೋದಳು.

ನನಗೆ ನೆನಪಿರುವುದು ಒಂದು ಪದ. ಅವಳಿಗೆ ನೆನಪಿರುವುದು ಒಂದು ವಾಕ್ಯ. ನೆನಪಿನ ವಿಷಯದಲ್ಲಿ ನನಗೆ ನನ್ನ ಮೇಲೆ ಮೊದಲಿಂದಲೂ ಅನುಮಾನ. ಅದಕ್ಕೇ ತಿಂಗಳುಗಟ್ಟಲೆ ಈ ಎರಡನ್ನೂ ತೂಗಿ ನೋಡಿದೆ. ಒಂದು ಸಂಜೆ ಮಗಳೂ ನಾನೂ ಕೊಂಬಿನಿ ಅಂಗಡಿಯಿಂದ ಹಾಲು ತರುತ್ತಿದ್ದಾಗ ತಿರುವಿನಲ್ಲಿ ಸೈಕಲ್ಲೊಂದು ಅವಳ ಮೈಮೇಲೆ ಬರುವಂತಾಯಿತು. “ಅಬುನಾಯ್!” ಎಂದು ಕಿರುಚಿ ಅವಳ ತೋಳು ಎಳೆದುಕೊಂಡೆ. ಅಪಾಯ ಎನ್ನಲು ಇಲ್ಲಿನವರು ಬಳಸುವ ಮಾತು ಅದು. ಅಲ್ಲೇ, ಹಾಲಿನ ಡಬ್ಬಿ ಹಿಡಿದುಕೊಂಡು, ನನ್ನ ಮುಖ ಬಿಸಿಯಾಯಿತು. ಅವಳು ನಡೆಯಲು ಕಲಿತಾಗಿನಿಂದ ಬೀದಿಯಲ್ಲಿ, ಪ್ಲಾಟ್‌ಫಾರ್ಮಿನಲ್ಲಿ, ಈಜುಕೊಳದಲ್ಲಿ ಗಾಬರಿಯಾದಾಗಲೆಲ್ಲ ನನ್ನ ಬಾಯಿಗೆ ಬಂದದ್ದು ಜಪಾನಿಯೇ. ಸುತ್ತಲಿನವರಿಗೂ ಅರ್ಥವಾಗಿ ಅವರೂ ಕೈ ಹಿಡಿಯಲಿ ಎಂದು ಅಭ್ಯಾಸವಾಗಿದ್ದು. ಹಾಗಾದರೆ ಮೈದಾನದಲ್ಲಿ ಬಂದ ಕನ್ನಡ ಗಾಬರಿಯ ಕನ್ನಡವಲ್ಲ. ಸುತ್ತಲಿನವರಿಗೆ ಅರ್ಥವಾಗಬಾರದು ಎಂದು ನನ್ನೊಳಗಿನ ಯಾರೋ, ಆ ಅರೆಗಳಿಗೆಯಲ್ಲೂ, ಲೆಕ್ಕ ಹಾಕಿ ಆರಿಸಿಕೊಂಡ ಭಾಷೆ. ನನ್ನ ತಾಯಿಯಿಂದ ಬಂದದ್ದನ್ನು, ಮಗಳಿಗೆ ದಾಟಿಸಲು ಇಷ್ಟು ಒದ್ದಾಡಿದ್ದನ್ನು, ನಾನು ಕದ್ದು ಆಡುವುದಕ್ಕೆ ಬಳಸಿದ್ದೆ.

ಆದರೆ ಅದು ಹೊಳೆದದ್ದು ಆಮೇಲೆ. ಅದಕ್ಕೆ ಮುಂಚೆ ಮುಂದಿನ ಆಟ ನಡೆಯಿತು. “ಈ ಸಲ ನೀನ್ ಬರ್ಬೇಡ, ಅಮ್ಮ,” ಎಂದಿದ್ದಳು. ಸಂಜೆ ಬಂದು, ಸೋತೆವು ಎಂದು ಹೇಳಿ ಸ್ನಾನಕ್ಕೆ ಹೋದಳು. ಅವಳ ಆಟದ ಶೂ ತೊಳೆಯೋಣವೆಂದು ಚೀಲ ಬಿಚ್ಚಿದೆ. ಆ ನದೀದಂಡೆಯಲ್ಲಿ ಆಡಿದರೆ ಅಡಿಯ ಗುಬಟುಗಳ ಸಂದಿಯಲ್ಲಿ ಮಣ್ಣು ಮೆತ್ತಿರುತ್ತದೆ. ಚಾಪ್‌ಸ್ಟಿಕ್ಕಿನಿಂದ ಕೆರೆದು ತೆಗೆಯುವುದು ನನ್ನ ಕೆಲಸ. ಶೂ ಶುಭ್ರವಾಗಿತ್ತು.

ಅವಳು ಆಟಕ್ಕೆ ಇಳಿದೇ ಇರಲಿಲ್ಲ. ಕೋಚ್ ಹತ್ತಿರ ಹೋಗಿ, ಕೂಗಿದ್ದು ನನ್ನ ಅಮ್ಮ, ಕೇಳಿ ಓಡಿದ್ದು ನಾನು ಎಂದಿದ್ದಳಂತೆ. ಗೋಲು ಅಳಿಸಲು ಬರುವುದಿಲ್ಲ, ನಿನ್ನನ್ನು ಹೊರಗಿಡುವ ನಿಯಮವೂ ಇಲ್ಲ, ನೀನೇನು ಮಾಡುತ್ತೀಯ ಎಂದು ಅವರು ಕೇಳಿದ್ದರು. ಇವಳು ಗೆರೆಯಾಚೆ ನಿಂತು, ಹೊರಗೆ ಹೋದ ಚೆಂಡುಗಳನ್ನು ಹೆಕ್ಕಿ ಕೊಡುತ್ತೇನೆಂದಳು. ತನ್ನ ಕೊನೆಯ ಆಟದಲ್ಲಿ ಅವಳು ಮಾಡಿದ್ದು ಅದು. ನಾನು ಆ ಶುಭ್ರ ಶೂಗಳನ್ನು ನಲ್ಲಿಯ ಕೆಳಗೆ ಹಿಡಿದು ಸುಮ್ಮನೆ ತೊಳೆದೆ.

ಮಿಯಾತಾ ಸಾನ್‌ಗೆ ಫೋನ್ ಮಾಡಿ ಕೂಗಿದವಳು ನಾನು ಎಂದೆ. “ಅವತ್ತು ಎಲ್ಲರಿಗೂ ಆ ಕೂಗು ಗಂಟಲಲ್ಲೇ ಇತ್ತು,” ಎಂದರು ಅವರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಹತ್ತು ಸಲ “ಸುಮಿಮಾಸೆನ್” ಎಂದು ಕ್ಷಮೆ ಕೇಳುತ್ತಾ, ಫೋನಿನ ಮುಂದೆಯೇ ಬಾಗಿ ಬಾಗಿ, ಗೋಡೆಗೆ ತಲೆ ತಗುಲಿಸಿಕೊಂಡೆ.

ಹರಿಸೆನ್ ಸಿಕ್ಕಿದ ಮಾತನ್ನು ಮೊನ್ನೆ ಫೋನಿನಲ್ಲಿ ಅನಘಾಳಿಗೆ ಹೇಳಿದೆ. ಈಗ ಅವಳು ಕಾಲೇಜಿನ ತಂಡದಲ್ಲಿದ್ದಾಳೆ. ಪ್ರತಿ ತಂಡದವರೂ ಸರದಿಯಂತೆ ಬೇರೆಯವರ ಪಂದ್ಯಗಳಿಗೆ ಅಂಪೈರ್ ಆಗಬೇಕು. ಅವಳು, “ಸಂಡೇ ಹೈಸ್ಕೂಲ್ ಮ್ಯಾಚಿಗೆ ನಾನೇ ಅಂಪೈರ್. ಸೇಮ್ ಗ್ರೌಂಡ್. ಬರ್ತೀಯಾ?” ಎಂದಳು.

“ನಾನಾ?”

“ಮತ್ತೆ ಇನ್ಯಾರು? ಹರಿಸೆನ್ ತಗೊಂಡ್ ಬಾ.”

ಹೋದೆ. ಮೈದಾನದ ತುಂಬ ಗದ್ದಲ. ತಾಯಂದಿರು, ತಂಗಿಯರು, ಯಾರದೋ ತಾತ, ಎಲ್ಲರೂ ಬಾಯಿಬಿಟ್ಟು ಕೂಗುತ್ತಿದ್ದರು. ನಾನೊಬ್ಬಳೇ ಹಳದಿ ಕಾಗದ ಹಿಡಿದು, ಯಾವುದೋ ಹಳೇ ಕಾಲದಿಂದ ದಾರಿ ತಪ್ಪಿ ಬಂದವಳಂತೆ ಕೂತಿದ್ದೆ. ಅನಘಾ ಸೀಟಿ ಊದಿದರೆ ಈಗಿನ ಹುಡುಗಿಯರು ಯಾರೂ ಕಲ್ಲಾಗುವುದಿಲ್ಲ. ವಿರಾಮದಲ್ಲಿ ನೀರು ಕುಡಿಯುತ್ತಾ ಅವಳು ಹಗ್ಗದ ಹತ್ತಿರ ಬಂದಳು.

“ಏನಮ್ಮ, ಗಂಟ್ಲು ಸರಿಯಿದ್ಯಾ? ಈಗ ಕೂಗ್ಬೋದು. ರೂಲ್ ಚೇಂಜ್ ಆಗಿದೆ.”

“ಬೇಡ ಬಿಡು. ಇದೇ ಸಾಕು.”

“ಕೂಗು. ಬಟ್ ಜಪಾನೀಸಲ್ಲಿ. ಎಲ್ರಿಗೂ ಕೇಳಿಸ್ಲಿ.” ನಗುತ್ತಿದ್ದಳೋ ಇಲ್ಲವೋ, ಬಿಸಿಲಿಗೆ ಸರಿಯಾಗಿ ಕಾಣಲಿಲ್ಲ. ಅಷ್ಟರಲ್ಲಿ ಓಡಿಹೋದಳು.

ಆಟ ಮತ್ತೆ ಶುರುವಾಯಿತು. ನನ್ನ ಕಡೆಯ ಗೋಲಿನಲ್ಲಿ ಒಬ್ಬ ಹುಡುಗಿ ಹೆಲ್ಮೆಟ್ಟಿನೊಳಗೆ ಒಂಟಿಯಾಗಿ ನಿಂತಿದ್ದಳು. ಚೆಂಡು ಆಚೆ ತುದಿಯಲ್ಲಿತ್ತು. ಎಲ್ಲರ ಕಣ್ಣೂ ಅಲ್ಲೇ. ಅವಳು ಯಾವ ಶಾಲೆಯವಳೆಂದೂ ನನಗೆ ಗೊತ್ತಿರಲಿಲ್ಲ. ನಾನು ಹರಿಸೆನ್ ಬೆಂಚಿನ ಮೇಲಿಟ್ಟು ಎದ್ದು ನಿಂತು, “ಗಂಬಾರೆ!” ಎಂದು ಕೂಗಿದೆ. ಚೆನ್ನಾಗಿ ಆಡು ಎನ್ನಲು ಇಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತದು. ಅಭ್ಯಾಸ ತಪ್ಪಿದ ದನಿ ನಡುವೆ ಒಡೆಯಿತು. ಅಕ್ಕಪಕ್ಕದವರು ತಿರುಗಿದರು.

ಕೂಗಿದ್ದು ಯಾರೆಂದು ಆ ಹುಡುಗಿಯೂ ಹಿಂತಿರುಗಿ ಹುಡುಕಿದಳು. ನಾನು ಕೈ ಎತ್ತಿದೆ.