ಮಿಸ್ ಡನ್‌ಲೀವಿ ಬಿದ್ದ ದಿನ

ನಮ್ಮ ಕ್ವೀನ್ಸ್‌ನ ಶಾಲೆಗೆ ಇಂಗ್ಲಿಷ್ ಬಾರದೆ ಬಂದಿಳಿಯುವ ಮಕ್ಕಳೆಲ್ಲ ದಿನಕ್ಕೊಂದು ಪಾಠಕ್ಕೆ ಮಿಸ್ ಡನ್‌ಲೀವಿಯ ಕೋಣೆಗೆ ಬರುತ್ತಾರೆ. ನಾನು ಅಲ್ಲಿ ಸಹಾಯಕಿ. ಬಾಗಿಲು, ಕಿಟಕಿ, ಕಸದ ಬುಟ್ಟಿ, ಎಲ್ಲಕ್ಕೂ ಹೆಸರಿನ ಚೀಟಿ ಅಂಟಿಸುವುದು ನನ್ನ ಕೆಲಸ. ಚೀಟಿ ಅಂಟಿಸಲಾಗದ ಪದಗಳು ಮಿಸ್ ಪಾಲಿಗೆ. 'ನಿದ್ದೆ' ಎಂದರೆ ಮೇಜಿನ ಮೇಲೆ ಗೊರಕೆ, 'ಕೋಪ' ಎಂದರೆ ನನಗೆ ಬೈಗುಳ, 'ಬೀಳು' ಎಂದರೆ ನೆಲಕ್ಕೆ ದೊಪ್ಪನೆ. ನಿವೃತ್ತಿಗೆ ಹತ್ತಿರವಾದ ಹೆಂಗಸು, ಮೈಯೂ ಭಾರಿ. ಅವರು ಏನು ಮಾಡಿ ತೋರಿಸಿದರೂ ಮಕ್ಕಳು ಚಪ್ಪಾಳೆ ತಟ್ಟಿ ಆ ಪದವನ್ನು ಒಟ್ಟಾಗಿ ಕೂಗಬೇಕು. ಕೆಳಮಹಡಿಯ ತರಗತಿಯವರು ದೂರು ಕೊಟ್ಟು ಕೊಟ್ಟು ಸುಸ್ತಾಗಿದ್ದರು.

ನಾಲ್ಕನೇ ತರಗತಿಯ ಜುಲ್ಫಿಯಾ ಮಾತ್ರ ಕೂಗುತ್ತಿರಲಿಲ್ಲ. ತಾಷ್ಕೆಂಟಿನಿಂದ ಬಂದವಳು. ಹಿಮ ಬಿದ್ದು ಕರಗಿಯೂ ಆಯಿತು, ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲ.

ಹೆಡ್‌ಮಾಸ್ಟರ್ ಫೆರಾಂಟೆ ಕಾಫಿ ಲೋಟ ಹಿಡಿದೇ ಬಂದರು. "ಇವಳನ್ನ ಮೂರನೇ ಕ್ಲಾಸಿಗೆ ಇಳಿಸೋಣ ಮಿಸ್. ಬಾಯೇ ಬಿಡಲ್ವಲ್ಲ."

"ಕಿವಿ ಚೆನ್ನಾಗಿ ಕೆಲಸ ಮಾಡ್ತಿದೆ ಸಾರ್. ಬಾಯಿಗೂ ಸ್ವಲ್ಪ ಟೈಮ್ ಕೊಡಿ."

"ಎಷ್ಟೂಂತ ಕೊಡೋದು? ಶುಕ್ರವಾರದ ತನಕ ನೋಡ್ತೀನಿ, ಅಷ್ಟೇ."

ನನಗೆ ಮೈ ಉರಿದುಹೋಯಿತು. ಮೂರನೇ ತರಗತಿಯಲ್ಲಿ ಅವಳ ತಮ್ಮನೇ ಇದ್ದ. ಅವನ ಪಕ್ಕದಲ್ಲಿ ಕೂರುವ ಅವಮಾನ ಆ ಮಗುವಿಗೆ ಬೇಕಿತ್ತೇ?

ಗುರುವಾರ 'ಎತ್ತರ' ಕಲಿಸಲೆಂದು ಮಿಸ್ ಕುರ್ಚಿಯ ಮೇಲೆ ನಿಂತರು. ಕುರ್ಚಿ ವಾಲಿತು, ಮಿಸ್ ದೊಪ್ಪನೆ ನೆಲಕ್ಕೆ ಬಿದ್ದರು.

"ಬೀಳು! ಬೀಳು!" ಮಕ್ಕಳಿಗೆ ಸಂಭ್ರಮವೋ ಸಂಭ್ರಮ.

"ಅಯ್ಯೋ, ನನ್ನ ಕಾಲು!" ಎಂದು ಮಿಸ್ ನರಳಿದರು.

"ಕಾಲು! ಕಾಲು!" ಮತ್ತೆ ಚಪ್ಪಾಳೆ.

ಬೆನ್ನು ತಿರುಗಿಸಿ ಚೀಟಿ ಅಂಟಿಸುತ್ತಿದ್ದ ನಾನೂ, ಇವತ್ತು ನಟನೆ ಜೋರಾಗಿದೆ ಎಂದುಕೊಂಡೆ. ಜುಲ್ಫಿಯಾ ಎದ್ದು ಹೊರಗೆ ಓಡಿದಳು. ಸ್ವಲ್ಪ ಹೊತ್ತಿಗೆ ಫೆರಾಂಟೆಯವರನ್ನು ಕೋಟಿನ ತೋಳು ಹಿಡಿದು ಎಳೆದುಕೊಂಡು ಬಂದಳು.

"ಆಟ ಅಲ್ಲ! ಮಿಸ್ ನಿಜ ಬಿದ್ರು! ನೋಡಿ!"

ಆಗಲೇ ನನಗೂ ನಿಜ ಹೊಳೆದದ್ದು. ಓಡಿಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದೆ. ಸ್ಟ್ರೆಚರಿನ ಮೇಲೆ ಮಲಗಿದ್ದರೂ ಮಿಸ್ ಸುಮ್ಮನಿರಬೇಕಲ್ಲ!

"ಸಾರ್, ಇವಳು ನಿಮ್ಮನ್ನ ಕೈಸನ್ನೆ ಮಾಡಿ ಕರೆದ್ಲಾ?"

"ಎಲ್ಲಿಯ ಕೈಸನ್ನೆ! ಕಾಫಿ ಮುಗಿಸಿ ಬರ್ತೀನಿ ತಾಳಮ್ಮ ಅಂದೆ. 'ಕಾಫಿ ಆಮೇಲೆ!' ಅಂತ ಗದರಿಸಿಬಿಟ್ಲು."

"ಹಾಗಾದ್ರೆ ಮೂರನೇ ಕ್ಲಾಸು?"

ಫೆರಾಂಟೆ ತಲೆ ಕೆರೆದುಕೊಂಡರು. "ಇರ್ಲಿ ಬಿಡಿ. ನಾಲ್ಕರಲ್ಲೇ ಇರ್ಲಿ."

ಕಾಲು ಮುರಿದಾಗಲೂ ಕಣ್ಣೀರು ಹಾಕದ ಮಿಸ್ ಈಗ ಜುಲ್ಫಿಯಾಳ ಕೈ ಹಿಡಿದು ಗಳಗಳನೆ ಅತ್ತುಬಿಟ್ಟರು. ನನ್ನ ಕಣ್ಣೂ ತುಂಬಿತು. ಮಕ್ಕಳಿಗೆ ಅದೂ ಪಾಠವೇ. "ಅಳು! ಅಳು!" ಎಂದು ಚಪ್ಪಾಳೆ ಶುರು ಹಚ್ಚಿಕೊಂಡರು.

ಜುಲ್ಫಿಯಾ ಮಕ್ಕಳ ಕಡೆ ತಿರುಗಿ ಕಣ್ಣು ಕೆಂಪು ಮಾಡಿದಳು.

"ಸುಮ್ನಿರ್ರೋ! ಇದೂ ನಿಜ."