ಧಕ್ಕೆಯಲ್ಲಿ ಉಳಿದ ಚಪ್ಪಲಿ

ನನಗೆ ಪೈಲಟ್ ಆಗುವ ಆಸೆ ಯಾವತ್ತೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಿಮಾನದ ಕೆಲಸ ಕಲಿಯಲು ಹೋದವನು ಎಂದ ಕೂಡಲೇ ಜನ ಕೇಳುವುದು ಅದನ್ನೇ. ನನಗೆ ಬೇಕಾಗಿದ್ದದ್ದು ವಿಮಾನದ ಹೊಟ್ಟೆಯ ಕೆಳಗೆ ನಿಂತು, ಒಂದೊಂದು ಕೊಳವೆಯನ್ನೂ ನೋಡಿ, ಸಹಿ ಹಾಕಿ, ಇನ್ನು ಹಾರಬಹುದು ಎಂದು ಹೇಳುವವನ ಕೆಲಸ. ಅವನ ಸಹಿ ಬೀಳದೆ ಎಂಥ ದೊಡ್ಡ ಪೈಲಟ್ಟೂ ವಿಮಾನವನ್ನು ಅಲ್ಲಾಡಿಸುವಂತಿಲ್ಲ. ಈ ವಿಷಯ ಗೊತ್ತಾದ ದಿನದಿಂದ ನನಗೆ ಬೇರೆ ಯಾವ ಕೆಲಸವೂ ಕೆಲಸವೆಂದು ಅನ್ನಿಸಲಿಲ್ಲ.

ಅರ್ಗಾದ ಕಡೆ ಇದ್ದ ನಮ್ಮ ಮನೆ, ಜಾಗ ಎಲ್ಲ ನೌಕಾನೆಲೆಗೆ ಹೋಗಿ ನಾವು ಚಿತ್ತಾಕುಲಕ್ಕೆ ಬಂದು ಬಿದ್ದಿದ್ದೆವು. ಹೆಲಿಕಾಪ್ಟರ್ ಸದ್ದು ಕೇಳಿದರೆ ಕೇರಿಯ ಹಿರಿಯರು ತಲೆ ತಗ್ಗಿಸಿಕೊಂಡು ಬಲೆ ಹೆಣೆಯುತ್ತಿದ್ದರು. ನಾನು ಅಂಗಳಕ್ಕೆ ಓಡುತ್ತಿದ್ದೆ. "ಮನೆ ನುಂಗ್ದವ್ರ ಹಕ್ಕಿ ಅದು. ನೋಡೂಕೆ ನಾಚ್ಕೆ ಆಗೂದಿಲ್ವಾ ನಿಂಗೆ?" ಎಂದು ನನ್ನನ್ನು ಹೆತ್ತ ಆಯಿ ಒಣಮೀನಿನ ಚಾಪೆಯಿಂದಲೇ ಕೂಗುತ್ತಿದ್ದಳು. ನನ್ನ ಪರ ನಿಲ್ಲುತ್ತಿದ್ದವನು ಮಾಮ ಒಬ್ಬನೇ.

ಮಾಮ ಎಂದರೆ ಆಯಿಯ ತಮ್ಮ. ಅಂಕೋಲೆಯ ಹತ್ತಿರ ಕಡಲದಂಡೆಯಲ್ಲಿ ಅವನ ಮನೆ. ಬೇರೊಬ್ಬರ ಯಾಂತ್ರಿಕ ದೋಣಿಗೆ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿಯುವವನು, ದೋಣಿಯ ಯಜಮಾನ ದಡದಲ್ಲಿದ್ದರೆ ನೀರಿನಲ್ಲಿ ಯಜಮಾನ ಅವನೇ. ಬಿಗುಮಾನದ ಮನುಷ್ಯ. ಹೊತ್ತು ಮುಳುಗಿದ ಮೇಲೆ ಬಂದರಿಗೆ ಬರುವುದಾದರೆ ದೋಣಿಯ ಮೂತಿಯಲ್ಲಿ ಒಬ್ಬ ಖಲಾಸಿಯನ್ನು ನಿಲ್ಲಿಸಿ, "ದೀಪ ಯಾವ್ದು ಕಾಣ್ತದೆ, ಕೂಗಿ ಹೇಳು" ಎಂದು ಹುಕುಂ ಮಾಡುತ್ತಿದ್ದನಂತೆ. ತನ್ನ ಕಣ್ಣಿಗೆ ಕೆಲಸ ಕೊಡಲೊಲ್ಲದ ದೊಡ್ಡಸ್ತಿಕೆ ಎಂದು ಉಳಿದವರು ನಗುತ್ತಿದ್ದರು. ಅವನು ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ದೂರದಿಂದ ಹೆಲಿಕಾಪ್ಟರ್ ತೋರಿಸಿದ್ದ. "ಮೇಲೆ ಹೋಗೂದು ಎಂತಾ ಮಹಾ, ತಮಾ? ತಿರ್ಗಿ ಬರೂದು ಮುಖ್ಯ. ದೋಣಿಯಾದ್ರೂ ಅಷ್ಟೇ, ವಿಮಾನ ಆದ್ರೂ ಅಷ್ಟೇ" ಎಂದಿದ್ದ.

ಆ ವರ್ಷಗಳಲ್ಲಿ ಹೊಸ ಹೊಸ ವಿಮಾನ ಕಂಪನಿಗಳು ಅಣಬೆಯಂತೆ ಏಳುತ್ತಿದ್ದವು. ವಿಮಾನ ರಿಪೇರಿ ಕಲಿಸುವ ಶಾಲೆಗಳೂ ಎದ್ದವು. ಪೇಪರಿನ ಜಾಹೀರಾತು ನೋಡಿ ನಾನು ಮುಂಬೈಯ ಒಂದು ಶಾಲೆಗೆ ಅರ್ಜಿ ಹಾಕಿದೆ. ದೇಹ ಗಟ್ಟಿಯಾಗಿದೆ ಎಂದು ಡಾಕ್ಟರ ಸರ್ಟಿಫಿಕೇಟ್ ಬೇಕಿತ್ತು. ನಮ್ಮ ಕಡೆಯ ಡಾಕ್ಟರು ಎದೆಗೆ ಕೊಳವೆ ಇಟ್ಟರು, ತೂಕ ನೋಡಿದರು, "ಕಣ್ಣು ಸರಿ ಕಾಣ್ತದಲ್ಲ?" ಎಂದು ಕೇಳಿದರು. ಕಾಣ್ತದೆ ಎಂದೆ. "ಮೀನು ತಿಂದು ಬೆಳ್ದವ್ರ ಕಣ್ಣಿಗೆ ಎಂತಾ ಧಾಡಿ!" ಎಂದು ನಕ್ಕು ಠಸ್ಸೆ ಒತ್ತಿದರು. ನಾನು ಸುಳ್ಳು ಹೇಳಿರಲಿಲ್ಲ. ದೂರದ ದೋಣಿಯನ್ನು ಎಲ್ಲರಿಗಿಂತ ಮೊದಲು ಗುರುತಿಸುವವನು ನಾನೇ ಆಗಿದ್ದೆ.

ಒಂದು ಮಾತು ಮಾತ್ರ ಆಗ ನೆನಪಿಗೆ ಬರಲಿಲ್ಲ. ಶಾಲೆಯಲ್ಲಿ ಎಲೆಗಳಿಗೆ ಕಂದು ಬಣ್ಣ ಬಳಿದು ಮಾಸ್ತರರ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದ್ದೆ. ಆಮೇಲೆ ಬಣ್ಣದ ಕಡ್ಡಿಯ ಮೇಲಿನ ಹೆಸರು ಓದಿ ಬಳಿಯತೊಡಗಿದೆ. ಎಲ್ಲರೂ ಹಾಗೇ ಮಾಡುತ್ತಾರೆಂದೇ ತಿಳಿದಿದ್ದೆ. ಬೇರೆಯವರಿಗೆ ಹೇಗೆ ಕಾಣುತ್ತದೆಂದು ಯಾರು ಯಾರ ಕಣ್ಣಿಗಿಳಿದು ನೋಡಿದ್ದಾರೆ?

ಮುಂಬೈಯಲ್ಲಿ ನಾನು ಚೆನ್ನಾಗಿಯೇ ಕಲಿತೆ. ವಿಮಾನದ ವಿದ್ಯೆ ನನಗೆ ಅನುಕೂಲವಾಗಿಯೇ ಇತ್ತು ಎನ್ನಬೇಕು. ಮನೆಯ ವೈರುಗಳ ಹಾಗೆ ಅಲ್ಲಿ ಕೆಂಪು, ಹಸಿರು, ಕಪ್ಪು ಎಂದು ಇರುವುದಿಲ್ಲ. ಹೆಚ್ಚಿನವು ಬಿಳಿ, ಮೈಮೇಲೆ ಸಣ್ಣ ಅಕ್ಷರದಲ್ಲಿ ನಂಬರು. ಎಣ್ಣೆಯ, ಗಾಳಿಯ ಕೊಳವೆಗಳಿಗೆ ಸುತ್ತಿದ ಪಟ್ಟಿಯಲ್ಲಿ ಬಣ್ಣದ ಜೊತೆ ಗುರುತಿನ ಚಿತ್ರವೂ ಇರುತ್ತದೆ. ನಾನು ಓದಿದೆ, ಚಿತ್ರ ನೋಡಿದೆ, ಪಾಸಾದೆ. ಹಾಸ್ಟೆಲಿನಲ್ಲಿ ನಮ್ಮ ಕನಸುಗಳಿಗೆ ಲಂಗುಲಗಾಮು ಇರಲಿಲ್ಲ. ಒಬ್ಬ ದುಬೈ ಅನ್ನುತ್ತಿದ್ದ, ಇನ್ನೊಬ್ಬ ರಾಕೆಟ್ಟಿನ ತನಕ ಹೋಗುತ್ತಿದ್ದ. ನಾನು ಗೋವಾದಲ್ಲಿ ಕೆಲಸ ಸಿಕ್ಕಿದರೆ ಸಾಕು, ಶನಿವಾರ ಮನೆಗೆ ಬಂದು ಮೀನು ಊಟ ಮಾಡಬಹುದು ಎನ್ನುತ್ತಿದ್ದೆ. ಎಷ್ಟು ಸಣ್ಣ ಆಸೆ ಎಂದು ನಗುತ್ತಿದ್ದರು.

ಎರಡನೆಯ ವರ್ಷ ಮಾಮ ಸತ್ತ.

ಕತ್ತಲಾಗುವ ಹೊತ್ತಿಗೆ ದೋಣಿ ದಡಕ್ಕೆ ಮರಳುತ್ತಿತ್ತು. ಮೂತಿಯಲ್ಲಿ ನಿಲ್ಲಬೇಕಾದ ಖಲಾಸಿ ಹಿಂದುಗಡೆ ಸಿಕ್ಕಿಕೊಂಡ ಬಲೆ ಬಿಡಿಸುತ್ತಿದ್ದ. ಎದುರಿಗೆ ಅದಿರು ತುಂಬಿದ ಬಾರ್ಜು ಹಡಗು ಬಂತು. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಕಂಡ ಬಣ್ಣದ ಮೇಲೆ ಅದು ಯಾವ ಕಡೆ ಹೋಗುತ್ತಿದೆ ಎಂದು ತಿಳಿದು ದಾರಿ ಬಿಡಬೇಕು. ಮಾಮ ದೀಪವನ್ನು ನೋಡಿದನಂತೆ, ಚುಕ್ಕಾಣಿಯನ್ನೂ ತಿರುಗಿಸಿದನಂತೆ. ಅದು ಹೋಗುತ್ತಿದ್ದ ಕಡೆಗೇ ತಿರುಗಿಸಿದ. ಮಾಮನ ಜೊತೆ ಆ ಖಲಾಸಿಯೂ ಹೋದ. ಈಜಿ ಬದುಕಿದವರು ಹೇಳಿದ್ದು ಇಷ್ಟು.

ನಾನು ಊರಿಗೆ ಬರುವಷ್ಟರಲ್ಲಿ ಕಥೆ ತಯಾರಾಗಿತ್ತು. ಕುಡಿದಿದ್ದ. ಸಾಕ್ಷಿಗೆ ಚಪ್ಪಲಿ. ನಮ್ಮಲ್ಲಿ ದೋಣಿ ಹತ್ತುವಾಗ ಯಾರೂ ಚಪ್ಪಲಿ ಮೆಟ್ಟುವುದಿಲ್ಲ, ದೋಣಿ ಕಟ್ಟುವ ಧಕ್ಕೆಯಲ್ಲಿ ಬಿಟ್ಟು ಕೈ ಮುಗಿದು ಹತ್ತುತ್ತಾರೆ. ತಿರುಗಿ ಬಂದವನು ತನ್ನದನ್ನು ಮೆಟ್ಟಿಕೊಂಡು ಹೋಗುತ್ತಾನೆ. ಮಾಮ ಬಿಟ್ಟುಹೋದ ಹವಾಯಿ ಚಪ್ಪಲಿಗಳಲ್ಲಿ ಒಂದರ ಪಟ್ಟಿ ಹಸಿರು, ಒಂದರ ಪಟ್ಟಿ ಕಂದು ಎಂದರು. ಒಂದು ಹಳೆಯ ಜೋಡಿಯದು, ಒಂದು ಹೊಸದರದು. "ಬೆಳಿಗ್ಗೆನೇ ಅಷ್ಟು ಏರಿದ್ರೆ ಸಂಜಿಗೆ ಇನ್ನೆಷ್ಟು ಏರಿತ್ತೇನ" ಎಂದು ಧಕ್ಕೆಯ ಜನ ಮಾತಾಡಿಕೊಂಡರು. ಮಾಮ ಕುಡಿಯುತ್ತಿದ್ದದ್ದು ನಿಜ, ರಜೆಯ ದಿನ, ಮನೆಯಲ್ಲಿ. ದೋಣಿಗೆ ಹೋಗುವ ದಿನ ಮುಟ್ಟುತ್ತಿರಲಿಲ್ಲ ಎಂದು ಆಯಿ ಎದೆ ಬಡಿದುಕೊಂಡು ಹೇಳಿದಳು. ತಮ್ಮನ ಪರವಾಗಿ ಅಕ್ಕ ಹೇಳಿದ್ದಕ್ಕೆ ಯಾರು ಬೆಲೆ ಕೊಡುತ್ತಾರೆ?

ಆ ಚಪ್ಪಲಿಗಳನ್ನು ನಾನೂ ನೋಡಿದೆ, ಮಾಮಿಯ ಮನೆಯ ಜಗಲಿಯ ಮೂಲೆಯಲ್ಲಿ. ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಒಂದು ಸ್ವಲ್ಪ ಸವೆದಿತ್ತು, ಅಷ್ಟೇ. ಜನಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ. ಸಾವಿನ ಮನೆಯಲ್ಲಿ ಚಪ್ಪಲಿಯ ಬಣ್ಣದ ಬಗ್ಗೆ ವಾದಕ್ಕೆ ನಿಲ್ಲುವುದು ಚೆಂದವಲ್ಲವೆಂದು ಬಾಯಿ ಮುಚ್ಚಿಕೊಂಡು ಮುಂಬೈಗೆ ಹೋದೆ.

ಕಡಲಿನಲ್ಲಿ ಸತ್ತವನ ಮನೆಗೆ ಆ ಹಂಗಾಮು ಮುಗಿಯುವ ತನಕ ದೋಣಿಯವರು ಮೀನಿನಲ್ಲಿ ಒಂದು ಪಾಲು ಕೊಡುವ ವಾಡಿಕೆ ಅಲ್ಲಿತ್ತು. ಖಲಾಸಿಯ ಮನೆಗೆ ಪಾಲು ಹೋಯಿತು. ಮಾಮಿಯ ಮನೆಗೆ ಹೋಗಲಿಲ್ಲ. ಅಂಕೋಲೆ ಪೇಟೆಯಲ್ಲಿ ಮಾಮಿ ಮೀನು ಮಾರಲು ಕೂತರೆ ಖಲಾಸಿಯ ತಾಯಿ ತನ್ನ ಬುಟ್ಟಿಯನ್ನು ಎತ್ತಿಕೊಂಡು ಆಚೆ ಹೋಗಿ ಕೂರುತ್ತಿದ್ದಳು. ಮಾಮಿ ಯಾರಿಗೂ ಎದುರಾಡಲಿಲ್ಲ. ಸತ್ತವನನ್ನೇ ಬೈದುಕೊಂಡು ಬದುಕಿದಳು.

ಓದು ಮುಗಿಯಿತು. ಒಂದು ಕಂಪನಿಯ ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್ಡಿನಲ್ಲಿ, ನನ್ನನ್ನು ಆರಿಸಿದರು. ಬರವಣಿಗೆಯಲ್ಲಿ ಪಾಸು, ಮಾತುಕತೆಯಲ್ಲಿ ಪಾಸು. ಉಳಿದದ್ದು ಅವರದೇ ಡಾಕ್ಟರರ ತಪಾಸಣೆ. ಮನೆಗೆ ಫೋನು ಮಾಡಿ ಆಯಿಗೆ ಹೇಳಿಯೂ ಆಗಿತ್ತು.

ಡಾಕ್ಟರು ಬಣ್ಣದ ಚುಕ್ಕೆಗಳಿದ್ದ ಒಂದು ಪುಸ್ತಕ ತೆರೆದು, ಒಳಗೆ ಯಾವ ಅಂಕಿ ಕಾಣುತ್ತದೆ ಎಂದರು. ಮೊದಲ ಹಾಳೆಯಲ್ಲಿ ಕಂಡಿತು. ಮುಂದಿನದರಲ್ಲಿ ಚುಕ್ಕೆಗಳಷ್ಟೇ. ಅದರ ಮುಂದಿನದರಲ್ಲೂ ಚುಕ್ಕೆಗಳಷ್ಟೇ. ನನ್ನನ್ನು ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರು ಪುಸ್ತಕ ಮುಚ್ಚಿ ಸಮಾಧಾನದಿಂದ ಹೇಳಿದರು: ಕೆಂಪು, ಹಸಿರು, ಕಂದು ನಿನಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ, ಹುಟ್ಟಿನಿಂದಲೇ ಹೀಗೆ, ಇದಕ್ಕೆ ಔಷಧಿ ಇಲ್ಲ. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. "ತಾಯಿಯ ಅಣ್ಣತಮ್ಮಂದಿರು ಯಾರಾದರೂ ಇದ್ದಾರಾ?"

ಇದ್ದ ಎಂದೆ. ಏನು ಮಾಡುತ್ತಿದ್ದರು ಎಂದರು. ತಾಂಡೇಲ ಎಂದೆ. ಧಕ್ಕೆ, ಚಪ್ಪಲಿ, ಮೂತಿಯಲ್ಲಿ ನಿಂತು ಕೂಗುವ ಖಲಾಸಿ, ಎಲ್ಲವೂ ಆ ಕುರ್ಚಿಯಲ್ಲಿ ಕೂತಲ್ಲೇ ನನ್ನ ಮೇಲೆ ಬಿತ್ತು.

ಆದರೂ ಆಸೆ ಎಂಬುದು ನಾಚಿಕೆಗೆಟ್ಟದ್ದು. ನನ್ನನ್ನು ಆರಿಸಿದ್ದ ಹಿರಿಯ ಎಂಜಿನಿಯರರ ಬಳಿ ಹೋಗಿ ಅಂಗಲಾಚಿದೆ. ಮೂರು ವರ್ಷ ಕಲಿತಿದ್ದೇನೆ, ಒಂದೂ ತಪ್ಪು ಮಾಡಿಲ್ಲ ಎಂದೆ. ಅವರು ಬೈಯಲಿಲ್ಲ. ಚಕ್ರಗಳು ಮಡಚಿಕೊಳ್ಳುವ ಗೂಡಿನ ಕೆಳಗೆ ನನ್ನನ್ನು ಕರೆದೊಯ್ದು ಟಾರ್ಚು ಬಿಟ್ಟು, "ಏನು ಕಾಣ್ತಿದೆ?" ಎಂದರು. ತುಕ್ಕು ಹಿಡಿಯದ ಹಾಗೆ ಬಳಿದ ಬಣ್ಣ ಕಂಡಿತು. ಎಲ್ಲ ಸರಿ ಇದೆ ಎಂದೆ. ಅವರು ನನ್ನ ಬೆರಳು ಹಿಡಿದು ಆ ಲೋಹದ ಮೇಲೆ ಒತ್ತಿದರು. ಬೆರಳು ಎಣ್ಣೆಯಾಯಿತು. ಹಸಿರು ಬಣ್ಣದ ಮೇಲೆ ಕೆಂಪು ಎಣ್ಣೆ ಸೋರಿ ಇಳಿದಿತ್ತು, ಚಕ್ರದ ಬ್ರೇಕಿಗೆ ಹೋಗುವ ಎಣ್ಣೆ. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿಗೂ ಅದು ಕಾಣುತ್ತಿತ್ತು.

"ಇದರ ಕೆಳಗೆ ನೀನು ಸಹಿ ಹಾಕ್ತಿದ್ದೆ," ಎಂದರು.

ಹಾಕುತ್ತಿದ್ದೆ. ಹೆಮ್ಮೆಯಿಂದ ಹಾಕುತ್ತಿದ್ದೆ. ಆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಗೆ ಬಂದೆ. ಇನ್ನು ಯಾರನ್ನೂ ಕೇಳುವುದು ಉಳಿದಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೆಲಸ ಹೋದ ದುಃಖಕ್ಕಿಂತ ಹೆಚ್ಚಾಗಿ ನನಗೆ ಮಾಮನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಅವನ ಮೇಲಿನ ಕಳಂಕ ತೊಳೆಯುವ ಸುದ್ದಿ ನನ್ನ ಹತ್ತಿರ ಇತ್ತು. ಅದೊಂದೇ ಸಮಾಧಾನ.

ಆಯಿಗೆ ಹೇಳಿದೆ. ತನ್ನ ರಕ್ತದಿಂದ ಬಂದದ್ದು ಎಂದು ಕೇಳಿ ಮೊದಲು ಹಣೆ ಚಚ್ಚಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, "ನಡಿ, ಅವ್ಳಿಗೆ ಹೇಳ್ವಾ. ಗಂಡ ಕುಡ್ದು ಸಾಯ್ಲಿಲ್ಲ ಅಂತ ಗೊತ್ತಾಗ್ಲಿ ಪಾಪ" ಎಂದಳು. ಅಂಕೋಲೆಯ ಬಸ್ಸು ಹತ್ತಿದೆವು.

ಮಾಮಿ ಬಂಗಡೆ ಹಸನು ಮಾಡುತ್ತ ಕೂತಿದ್ದಳು. ಆಯಿಯೇ ಎಲ್ಲ ಹೇಳಿದಳು, ನಡುವೆ ನಾನು ಸೇರಿಸಿದೆ. ಮಾಮಿ ನಂಬಲಿಲ್ಲ. "ಕುಡುಕ್ರಿಗೆ ಎಲ್ಲಾ ಒಂದೇ ಕಾಣ್ತದೆ. ಅದಕ್ಕೆ ಡಾಕ್ಟ್ರು ಬೇಕಾ?" ಎಂದಳು. ಚಪ್ಪಲಿ ಇದೆಯಾ ಎಂದು ಕೇಳಿದೆ. ಸತ್ತವರ ಚಪ್ಪಲಿಯನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅವಳು ಸಿಟ್ಟಿಗೆ ಇಟ್ಟುಕೊಂಡಿದ್ದಳು. ಹಿತ್ತಲಿನ ಮಾಡಿನಿಂದ ತಂದು, ನನ್ನ ಮುಂದೆ ಎಸೆದಳು.

"ಹೇಳು, ಯಾವ್ದು ಎಂತಾ ಬಣ್ಣ?"

ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ತಿರುಗಿಸಿದರೂ ಎರಡೂ ಒಂದೇ ಕೆಸರಿನ ಬಣ್ಣ. "ಎರಡೂ ಒಂದೇ ಮಾಮಿ," ಎಂದೆ.

"ಸರಿ ನೋಡು ತಮಾ."

"ನೋಡ್ದೆ. ಒಂದೇ ಜೋಡಿ ಹಂಗೇ ಕಾಣ್ತದೆ ನಂಗೆ."

ಅವಳು ನನ್ನ ಮುಖ ನೋಡಿದಳು. ನನ್ನ ಬಾಯಿಯ ವಾಸನೆ ಹಿಡಿಯುವವಳ ಹಾಗೆ ಹತ್ತಿರ ಬಂದು ನೋಡಿದಳು. ಆಮೇಲೆ ಅಲ್ಲೇ ನೆಲಕ್ಕೆ ಕೂತಳು. ಆಯಿ ಅವಳ ಭುಜ ಹಿಡಿದು, "ಇನ್ನು ಊರವ್ರ ಬಾಯಿ ಮುಚ್ಚಿಸ್ವಾ. ಆ ಸುಳ್ಳು ಹುಟ್ಟಿಸ್ದವ್ರ ನಾಲ್ಗೆ ಸೇದ್ಹೋಗ್ಲಿ" ಎಂದು ಶಾಪ ಹಾಕತೊಡಗಿದಳು.

"ಹಂಗೆ ಹೇಳ್ಬೇಡ ಅತ್ಗೆ," ಎಂದಳು ಮಾಮಿ. ಮೀನಿನ ಕೈಯಲ್ಲೇ ಚಪ್ಪಲಿಗಳನ್ನು ಜೋಡಿಸಿ ಇಡುತ್ತಿದ್ದಳು. "ಅವತ್ತು ಧಕ್ಕೆಲಿ ಪೊಲೀಸ್ರು ಕೇಳಿದ್ರು. ನಂಗೆ ಸಿಟ್ಟಿತ್ತು. ಚಪ್ಪಲಿ ತೋರ್ಸಿ, ಕುಡ್ದೇ ಹೋಗಿದ್ದ ನೋಡಿ ಅಂತ ಹೇಳ್ದವ್ಳು ನಾನೇ. ಅಲ್ಲಿ ತನ್ಕ ಯಾರೂ ಹಂಗೆ ಹೇಳಿರ್ಲಿಲ್ಲ."

ಆಯಿಯ ಕೈ ಅವಳ ಭುಜದಿಂದ ಜಾರಿತು. ಬಂಗಡೆಯ ಬುಟ್ಟಿಗೆ ಕಾಗೆ ಬಂದು ಕೂತರೂ ಯಾರೂ ಓಡಿಸಲಿಲ್ಲ. ಮಾಮಿ ನನ್ನ ಕಡೆ ತಿರುಗಿ, "ಅಂವಂಗೂ ಹಿಂಗೇ ಕಾಣ್ತಿತ್ತಾ?" ಎಂದು ಕೇಳಿದಳು.

ಹೌದು ಎಂದೆ.