ಗ್ರೇಸಕ್ಕನ ಕ್ರಮ ಗ್ರೇಸಕ್ಕನದಲ್ಲ

ನಾನು ಬೈಬಲ್ ಓದುವ ಕ್ರಮ ನನ್ನದಲ್ಲ. ಕದ್ದದ್ದು. ಬರೀ ಕದ್ದದ್ದಾಗಿದ್ದರೆ ಇಷ್ಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡು ಒದ್ದಾಡುತ್ತಿರಲಿಲ್ಲವೋ ಏನೋ — ಯಾರಿಂದ ಕದ್ದೆನೋ ಅವಳಿಗೆ ಸಿಗಬೇಕಾಗಿದ್ದ ದೀಕ್ಷಾಸ್ನಾನವನ್ನು ಅದೇ ದಿನ, ಅದೇ ಕೋಣೆಯಲ್ಲಿ, ಒಂದು ಮಾತಿನಿಂದ ತಪ್ಪಿಸಿದೆ. ಆ ಮಾತು ಸುಳ್ಳೂ ಆಗಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುವುದು.

ಮಹಿಳಾ ಕೂಟದ ಸ್ಮರಣ ಸಂಚಿಕೆಗೆ, ಬೈಬಲ್ ಅಧ್ಯಯನಕ್ಕೆ ನಿಮ್ಮದೇ ದಾರಿಯನ್ನು ಹೇಗೆ ಕಂಡುಕೊಂಡಿರಿ, ಬರೆದುಕೊಡಿ ಎಂದು ನೀವು ಕೇಳಿದಿರಿ. ಮೂರು ಸಲ ಬರೆದೆ, ಮೂರು ಸಲ ಹರಿದು ಹಾಕಿದೆ. ಮೂರರಲ್ಲೂ ನಾನು ಒಳ್ಳೆಯವಳಾಗಿದ್ದೆ. ಇದು ನಾಲ್ಕನೆಯದು. ಅಚ್ಚು ಹಾಕುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು.

ಎಂಬತ್ತರ ದಶಕದ ಮೊದಲ ವರ್ಷಗಳು. ಡೊಂಬಿವಲಿ ಪೂರ್ವದಲ್ಲಿ ನಮ್ಮದು ಎರಡು ಕೋಣೆಯ ಮನೆ. ಗಂಡನಿಗೆ ಕೆಮಿಕಲ್ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ, ನನಗೆ ಠಾಣೆ ನಗರದ ಒಂದು ಆಫೀಸಿನಲ್ಲಿ ಟೈಪಿಂಗ್. ಇಬ್ಬರೂ ಉಡುಪಿ ಕಡೆಯವರು, ಅಜ್ಜನ ಕಾಲದಿಂದ ಕ್ರೈಸ್ತರು. ಭಾನುವಾರ ಮಧ್ಯಾಹ್ನ ನಮ್ಮ ಹೊರಕೋಣೆಯಲ್ಲಿ ಕನ್ನಡದ ಪ್ರಾರ್ಥನಾಕೂಟ ನಡೆಯುತ್ತಿತ್ತು. ಹತ್ತು ಹದಿನೈದು ಜನ ಚಾಪೆಯ ಮೇಲೆ ಕೂರುತ್ತಿದ್ದರು. ತಿಂಗಳಿಗೊಮ್ಮೆ ಠಾಣೆಯಿಂದ ಸಭಾಪಾಲಕರು ಬರುತ್ತಿದ್ದರು.

ಅವರು ಒಂದು ವರ್ಷ ಮಳೆಗಾಲದ ಮೊದಲಲ್ಲಿ ಬೈಬಲ್ ಓದುವ ಪಟ್ಟಿ ತಂದರು. ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು, ಮುಂದಿನ ಮಳೆಗಾಲ ಬರುವಾಗ ಇಡೀ ಬೈಬಲ್ ಮುಗಿದಿರಬೇಕು. ಅಧ್ಯಾಯಕ್ಕೊಂದು ಚೌಕ, ಓದಿದ ಮೇಲೆ ಅದರಲ್ಲಿ ಗುರುತು ಹಾಕಬೇಕು. ದೀಕ್ಷಾಸ್ನಾನ ಬಯಸುವ ಹೊಸಬರಿಗೆ ಮಾತ್ರ ರಿಯಾಯಿತಿ — ದೀಕ್ಷಾಸ್ನಾನ ವರ್ಷಕ್ಕೊಮ್ಮೆ, ಈಸ್ಟರಿಗೆ ಮಾತ್ರ; ಅಷ್ಟರೊಳಗೆ ಅವರು ನಾಲ್ಕು ಸುವಾರ್ತೆಗಳನ್ನು ಮುಗಿಸಿದರೆ ಸಾಕು. ಎಲ್ಲರ ಪಟ್ಟಿ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಅಕ್ಷರ ಚೆನ್ನಾಗಿದೆ, ಹುಟ್ಟಿನಿಂದ ಕ್ರೈಸ್ತಳು, ಇನ್ನೇನು ಬೇಕು.

ನಾನು ಓದುತ್ತಿರಲಿಲ್ಲ. ಸುಳ್ಳು ಯಾಕೆ — ಮೊದಲ ಹತ್ತು ದಿನ ಓದಿದೆ. ಆಮೇಲೆ ಪುಟ ತೆರೆದರೆ ಕಣ್ಣು ಸಾಲಿನ ಮೇಲೆ ಹರಿಯುತ್ತಿತ್ತು, ಮನಸ್ಸು ಬೇರೆಲ್ಲೋ. ಕುಕ್ಕರಿನ ಮೂರನೆಯ ಸೀಟಿ, ಎಂಟೂ ಐದರ ಲೋಕಲ್, ಮೇಲಧಿಕಾರಿಯ ಮುಖ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಕತೆಗಳೇ ಎಲ್ಲ. ಯಾವುದೂ ನನ್ನನ್ನು ತಟ್ಟುತ್ತಿರಲಿಲ್ಲ. ಕೂತಲ್ಲಿ ಕೂರಲಾಗದೆ ಎದ್ದು ಪಾತ್ರೆ ತೊಳೆಯುತ್ತಿದ್ದೆ. ಪಟ್ಟಿಯನ್ನು ಮಾತ್ರ ಪರ್ಸಿನಲ್ಲಿಟ್ಟುಕೊಂಡು ಹೋಗಿ, ಲೇಡೀಸ್ ಡಬ್ಬಿಯಲ್ಲಿ ಜಾಗ ಸಿಕ್ಕ ದಿನ, ಠಾಣೆ ಬರುವಷ್ಟರಲ್ಲಿ ವಾರದ ಚೌಕಗಳನ್ನೆಲ್ಲ ತುಂಬಿಬಿಡುತ್ತಿದ್ದೆ.

ಗಂಡ ಒಮ್ಮೆ ಅದನ್ನು ಎತ್ತಿ ನೋಡಿದರು. "ಒಂದೇ ಪೆನ್ನು, ಒಂದೇ ಓರೆ, ಇಪ್ಪತ್ತಮೂರು ಗುರುತು. ಭಾರೀ ಸ್ಪೀಡ್ ಮಾರಾಯ್ತಿ ನಿಂದು," ಎಂದರು. ನಗುತ್ತಲೇ ಹೇಳಿದ್ದು. ನಾನು ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ.

ಈರಮ್ಮ ಬಂದದ್ದು ಅದಕ್ಕೂ ಒಂದು ವರ್ಷ ಮೊದಲು. ರಾಯಚೂರಿನ ಕಡೆಯವಳು. ನಮ್ಮ ಪಕ್ಕದ ಸೊಸೈಟಿಯ ಕಟ್ಟಡಕ್ಕೆ ನೀರು, ಇಟ್ಟಿಗೆ ಹೊರುತ್ತಿದ್ದಳು. ನಾವು ಹಾಡುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತಳು, ಸೆರಗಿನ ತುಂಬ ಸಿಮೆಂಟಿನ ಧೂಳು. "ಕನ್ನಡ ಕೇಳಿಸ್ತರಿ. ಕುಂಡ್ರಲೇನ್ರಿ?" ಎಂದಳು. ಆಮೇಲೆ ಅವಳ ಗುಂಪನ್ನು ಗುತ್ತಿಗೆದಾರ ವಾಶಿಗೆ ಕಳಿಸಿದ. ಅಲ್ಲಿ ದೊಡ್ಡ ಮಾರ್ಕೆಟ್ಟಿನ ಕಟ್ಟಡಗಳು ಏಳುತ್ತಿದ್ದವು. ವಾಸ ದಿವಾದಲ್ಲಿ, ಒಂಟಿಕೋಣೆಯ ಒಂದು ಖೋಲಿಯಲ್ಲಿ. ಭಾನುವಾರ ಮಾತ್ರ ತಪ್ಪಿಸಲಿಲ್ಲ, ದಿವಾದಿಂದ ಲೋಕಲ್ ಹಿಡಿದು ಬಂದೇ ಬರುತ್ತಿದ್ದಳು. ಕರ್ತನ ಭೋಜನದ ರೊಟ್ಟಿಯ ತಟ್ಟೆ ಸಾಲಿನಲ್ಲಿ ಬಂದಾಗ ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದಳು — ದೀಕ್ಷಾಸ್ನಾನ ಆಗಿರಲಿಲ್ಲವಲ್ಲ. ಒಮ್ಮೆ ನನ್ನ ಕಿವಿಯಲ್ಲಿ ಕೇಳಿದಳು, "ಅಕ್ಕಾರ, ನಂದೂ ಒಂದಿನ ಆಗತೈತಲ್ರೀ?" ಆಗ್ತದೆ ಎಂದೆ.

ಎರಡನೆಯ ಕ್ಲಾಸಿನವರೆಗೆ ಕಲಿತಿದ್ದಳು. ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಿದ್ದಳು. ಅವಳ ಪಟ್ಟಿಯಲ್ಲಿ ಮೂರು ಸುವಾರ್ತೆಗಳ ಚೌಕಗಳೆಲ್ಲ ತುಂಬಿದ್ದವು, ನಿಜವಾಗಿ ಓದಿ ತುಂಬಿದ್ದು. ನಾಲ್ಕನೆಯದರಲ್ಲಿ, ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋದಾಗ ಕರ್ತನು ಆಳುಗಳಿಂದ ಬಾನೆಗಳಿಗೆ ನೀರು ತುಂಬಿಸಿ ಅದನ್ನೇ ರಸ ಮಾಡುವ ಕತೆ ಬರುತ್ತದಲ್ಲ, ಅಲ್ಲಿಗೆ ಬಂದು ನಿಂತಳು. ನಿಂತವಳು ಮುಂದೆ ಹೋಗಲೇ ಇಲ್ಲ.

"ಆರು ಕಲ್ಲಿನ ಬಾನಿ ಕಂಠಮಟ ತುಂಬ್ಸಬೇಕಂದ್ರ ಎಷ್ಟು ಕೊಡ ನೀರು ಬೇಕು ಗೊತ್ತೇನ್ರಿ ಅಕ್ಕಾರ? ಬಾವಿ ದೂರಿತ್ತೋ ಹತ್ರಿತ್ತೋ ಇದ್ರಾಗ ಬರದಿಲ್ಲ. ಹೊತ್ತವರ ಹೆಸರೂ ಬರದಿಲ್ಲ."

ನನಗೆ ನಗು ಬಂತು. ಆದರೆ ಅವಳು ತಮಾಷೆ ಮಾಡುತ್ತಿರಲಿಲ್ಲ. ಅವಳ ಓದುವ ರೀತಿ ಆಗ ಗೊತ್ತಾಯಿತು: ಕತೆಯೊಳಗಿನ ಒಬ್ಬರನ್ನು ಹಿಡಿದುಕೊಳ್ಳುವುದು, ಅದೂ ಮುಖ್ಯರನ್ನಲ್ಲ, ಬದಿಯಲ್ಲಿ ಇರುವವರನ್ನು — ಹಿಡಿದುಕೊಂಡು ಅವರಾಗಿಯೇ ಕೆಲಸಕ್ಕೆ ಹೋಗುವುದು. ವಾರವಿಡೀ ವಾಶಿಯಲ್ಲಿ ನೀರು ಹೊರುವಾಗ ಅವಳು ಆ ಮದುವೆಮನೆಯ ಆಳಾಗಿರುತ್ತಿದ್ದಳು. ಭಾನುವಾರ ಬಂದು, ಉಳಿದವರು ಬರುವ ಮೊದಲು, ನನ್ನ ಅಡುಗೆಮನೆಯಲ್ಲಿ ಕೂತು ಅಲ್ಲಿ ತನಗೆ ಕಂಡದ್ದನ್ನು ಹೇಳುತ್ತಿದ್ದಳು.

"ಮುಗಿದದ್ದು ರಸ, ಇಂವ ನೀರ ತರ್ರಿ ಅಂತಾನ. ಅವ್ರು ಒಳಗೊಳಗ ಬೈದಿರಬೇಕ್ರಿ. ನಾನಾದ್ರ ಬೈತಿದ್ದೆ. ಬೈಕೋತ ಹೊತ್ತಾರ. ಬೈಕೋತ ಹೊತ್ತ ನೀರೂ ರಸ ಆಗೇತಿ ನೋಡ್ರಿ." ಇನ್ನೊಂದು ವಾರ — "ಉಣ್ಣಾಕ ಕುಂತ ದೊಡ್ಡ ಮಂದಿಗೆ ರಸ ಎಲ್ಲಿಂದ ಬಂತು ಗೊತ್ತಾಗ್ಲಿಲ್ಲ. ನೀರು ಹೊತ್ತವರಿಗಷ್ಟ ಗೊತ್ತಿತ್ತು."

ಹೇಗೆ ಹೇಳಲಿ. ಎಷ್ಟು ಸಲ ಕೇಳಿದ್ದ ಕತೆ — ನನ್ನ ಮದುವೆಯಲ್ಲೂ ಅದನ್ನೇ ಓದಿದ್ದರು — ಅಲ್ಲಿ ನೀರು ಹೊತ್ತ ಮನುಷ್ಯರಿದ್ದಾರೆ ಎಂಬುದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹೊಟ್ಟೆಯುರಿ ಬಂತು. ಮೂರು ತಲೆಮಾರಿನ ಕ್ರೈಸ್ತಳು ನಾನು. ನನಗೆ ತೆರೆಯದ ಪುಸ್ತಕ ಇವಳಿಗೆ, ಎರಡನೆಯ ಕ್ಲಾಸಿನವಳಿಗೆ, ತೆರೆಯಿತೆಂದರೆ! ಅವಳು ಹೋದ ಮೇಲೆ ಅವಳ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಯಾಕೆ ಬರೆಯುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

"ಮುಂದಕ್ಕೆ ಹೋಗು ಈರಮ್ಮ, ಈಸ್ಟರ್ ಹತ್ತಿರ ಬಂತು," ಎಂದು ಒಂದೆರಡು ಸಲ ಹೇಳಿದೆ, ನಿಜ. "ಇನ್ನಾ ತುಂಬಿಲ್ರಿ ಬಾನಿ," ಎಂದು ನಕ್ಕಳು. ಹೀಗೆ ನಾಲ್ಕು ತಿಂಗಳು ಕಳೆದವು.

ಇನ್ನೊಂದು ಸಂಗತಿ ಅವಳು ನನಗೊಬ್ಬಳಿಗೇ ಹೇಳಿದ್ದಳು. ಈಸ್ಟರ್ ಕಳೆದ ವಾರವೇ ಗುತ್ತಿಗೆದಾರ ಅವರ ಗುಂಪನ್ನು ಗುಜರಾತಿನ ಕಡೆ ಒಯ್ಯುವವನಿದ್ದ. ಅಲ್ಲಿ ಕನ್ನಡದ ಕೂಟ ಎಲ್ಲಿಂದ ಬರಬೇಕು. ಅವಳ ಗಂಡ ದೀಕ್ಷಾಸ್ನಾನದ ಈ ಒಂದು ವಿಷಯಕ್ಕೆ ಅವಳು ಬಹಳ ಹಠ ಹಿಡಿದ ಮೇಲೆ ಒಪ್ಪಿದ್ದ — ಇಲ್ಲಿಂದ ಹೋಗುವುದರೊಳಗೆ ಏನು ಮಾಡ್ಕೋತಿಯೋ ಮಾಡ್ಕೋ ಎಂದಿದ್ದನಂತೆ. ಅಂದರೆ ಅವಳಿಗಿದ್ದದ್ದು ಆ ಒಂದೇ ಈಸ್ಟರ್. ಅದು ನನಗೆ ಗೊತ್ತಿತ್ತು.

ಈಸ್ಟರಿಗೆ ಎರಡು ವಾರ ಇರುವಾಗ ಸಭಾಪಾಲಕರು ಬಂದರು. ಕಪಾಟಿನಿಂದ ಪಟ್ಟಿಗಳನ್ನು ತೆಗೆದುಕೊಟ್ಟೆ. ನನ್ನದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಅಂದಿನವರೆಗೆ ಒಂದು ಚೌಕವೂ ಖಾಲಿ ಇಲ್ಲ. "ಗ್ರೇಸ್, ಇಷ್ಟೆಲ್ಲ ಓದಿದ್ದೀಯ. ನಿನ್ನ ಮನಸ್ಸಿಗೆ ಮುಟ್ಟಿದ್ದು ಏನು, ಹೇಳಮ್ಮ," ಎಂದರು.

ತಲೆ ಖಾಲಿ. ನಿಜಕ್ಕೂ ಏನೂ ಇರಲಿಲ್ಲ ಹೇಳಲು. ಏನೂ ಇಲ್ಲ ಎಂದು ಹೇಳಬಹುದಿತ್ತು — ಬಾಯಿ ತೆರೆದೆ, ಹೊರಬಂದದ್ದು ಆರು ಬಾನೆಗಳು. ಎಷ್ಟು ಕೊಡ ನೀರು, ಬಾವಿ ಎಷ್ಟು ದೂರ, ಬೈದುಕೊಂಡು ಹೊತ್ತ ನೀರು, ಹೊತ್ತವರಿಗಷ್ಟೇ ಗೊತ್ತಿದ್ದ ಗುಟ್ಟು. ಅವಳ ಮಾತನ್ನೆಲ್ಲ ನಮ್ಮ ಪುಸ್ತಕದ ಕನ್ನಡಕ್ಕೆ ತಂದು, ಚೆನ್ನಾಗಿ ಜೋಡಿಸಿ ಹೇಳಿದೆ. ಯಾರೋ ಕಣ್ಣು ಒರೆಸಿಕೊಂಡರು. ಈರಮ್ಮ ಬಾಗಿಲ ಬಳಿ ಕೂತಿದ್ದಳು. ನಾನು ಆ ಕಡೆ ನೋಡಲಿಲ್ಲ.

"ಓದು ಅಂದ್ರೆ ಇದು," ಎಂದರು ಸಭಾಪಾಲಕರು. ಆಮೇಲೆ ಅವಳತ್ತ ತಿರುಗಿ, "ಈರಮ್ಮ, ಈಸ್ಟರಿಗೆ ನಿನ್ನ ಹೆಸರು ಬರೆದುಕೊಳ್ಳಬೇಕಲ್ಲ. ನಾಲ್ಕೂ ಮುಗೀತಾ?" ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ಅಕ್ಕ ಹೇಳುತ್ತಾಳೆ ಎಂಬ ಧೈರ್ಯ ಇರಬೇಕು. ಅವರೂ ನನ್ನನ್ನೇ ನೋಡಿದರು.

ಇವಳು ಆ ಒಂದು ಪುಟವನ್ನು ಹೇಗೆ ಓದಿದ್ದಾಳೆ ಎಂದು ನಾನು ಹೇಳಿದ್ದರೆ ಸಾಕಿತ್ತು. ಅವರು ಕಟುಕರಲ್ಲ, ಕೇಳುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಆದರೆ ಅವಳು ಬಾಯಿ ತೆರೆದರೆ ನಾನು ಈಗಷ್ಟೇ ಹೇಳಿದ್ದು ಯಾರದೆಂದು ಎಲ್ಲರಿಗೂ ತಿಳಿಯುತ್ತಿತ್ತು. ಅದು ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು, ತಿಳಿದೇ ಹೇಳಿದೆ —

"ಇಲ್ಲ ಪಾಸ್ಟರ್. ನಾಲ್ಕು ತಿಂಗಳಿಂದ ಒಂದೇ ಪುಟದಲ್ಲಿದ್ದಾಳೆ."

ಯಾರೋ ಸಣ್ಣಗೆ ನಕ್ಕರು. ಈರಮ್ಮ, "ಹೌದ್ರಿ ಅಯ್ಯಾರ, ಇನ್ನಾ ಮುಗಿಸಿಲ್ರಿ," ಎಂದಳು. "ಅವಸರ ಬೇಡಮ್ಮ, ಮುಂದಿನ ವರ್ಷ ನೋಡೋಣ," ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಅವಳಿಗೆ ಮುಂದಿನ ವರ್ಷ ಇಲ್ಲವೆಂದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ನೀರಿನ ಮಾತು ಚಲೋ ಹೇಳಿದ್ರಿ ಅಕ್ಕಾರ. ನನಗ ಹಂಗ ಹೇಳಾಕ ಬರ್ತಿದ್ದಿಲ್ಲ," ಎಂದಳು. ಅದರಲ್ಲಿ ಕುಹಕ ಇತ್ತೇ ಎಂದು ಇಂದಿಗೂ ಹುಡುಕುತ್ತೇನೆ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಇರಲಿಲ್ಲ.

ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ. ನಾನು ಮರುದಿನವೇ ದಿವಾಕ್ಕೆ ಹೋಗಬಹುದಿತ್ತು. ಠಾಣೆಗೆ ಹೋಗಿ ಬರುವಾಗ ದಿನಕ್ಕೆರಡು ಸಲ ದಿವಾ ದಾಟುತ್ತಿದ್ದೆ. ಇಳಿಯಲಿಲ್ಲ. ಒಂದು ದಿನ ತಲೆನೋವು, ಒಂದು ದಿನ ಇಳಿಯಲಾಗದಷ್ಟು ಗರ್ದಿ, ಒಂದು ದಿನ — ಏನೂ ಇರಲಿಲ್ಲ, ಸುಮ್ಮನೆ ಬಾಗಿಲ ಹತ್ತಿರ ನಿಂತು ಸ್ಟೇಷನ್ ಹೋಗುವುದನ್ನು ನೋಡಿದೆ. ಇಳಿದದ್ದು ಈಸ್ಟರ್ ಮುಗಿದು ಹತ್ತು ದಿನಕ್ಕೆ. ಖೋಲಿಗೆ ಬೀಗ. ಪಕ್ಕದ ಹೆಂಗಸು, "ವೋ ಕರ್ನಾಟಕವಾಲೇ ಗಯೇ ಸಬ್," ಎಂದಳು. ಎಲ್ಲರೂ ಹೋದರಂತೆ; ಗುಜರಾತಿನಲ್ಲಿ ಎಲ್ಲಿಗೆ ಎಂದರೆ ಕೈ ಆಡಿಸಿದಳು.

ಅಂದು ಮನೆಗೆ ಬಂದು ಆ ಪುಟ ತೆರೆದೆ, ಅವಳಂತೆ ಬೆರಳಿಟ್ಟು ಓದಿದೆ. ಮೊದಲ ಬಾರಿಗೆ ಎದ್ದುಹೋಗದೆ ಕೂತೆ. ಅಲ್ಲಿಂದ ಮುಂದೆ ನಾನು ಓದಿದ್ದೆಲ್ಲ ಅವಳ ರೀತಿಯಲ್ಲೇ — ಒಂದು ವಾರ, ಒಂದು ಕತೆ, ಬದಿಯಲ್ಲಿ ನಿಂತ ಒಬ್ಬ ಮನುಷ್ಯ. ಆಮೇಲೆ ಠಾಣೆಯ ಹೆಂಗಸರ ಕೂಟದಲ್ಲಿ ಯಾರೋ ಕೇಳಿದರು, ನೀವು ಹೇಗೆ ಓದುತ್ತೀರಿ ಗ್ರೇಸಕ್ಕ? ಹೇಳಿದೆ. ಹೆಸರು ಹೇಳಲಿಲ್ಲ. ಮುಂದಿನ ಸಲ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಅದು ಕಲ್ಯಾಣದ ಕೂಟಕ್ಕೆ ಹೋಯಿತು, ವಾಶಿಗೂ ಹೋಯಿತು — ಅವಳು ನೀರು ಹೊತ್ತ ಊರಿನಲ್ಲಿ ನಿಂತು ಅವಳ ಪಾಠವನ್ನು ನನ್ನದೆಂದು ಹೇಳಿ ಕೈಕುಲುಕಿಸಿಕೊಂಡು ಬಂದೆ. 'ಗ್ರೇಸಕ್ಕನ ಕ್ರಮ' ಎಂದು ಹೆಸರೂ ಬಿತ್ತು. ಗಂಡ ಬದುಕಿರುವವರೆಗೆ ಆ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಲಿಲ್ಲ. ಅದು ಯಾರ ಕ್ರಮವೆಂದು ಅವರಿಗೆ ಗೊತ್ತಿತ್ತು.

ಬರುವ ಭಾನುವಾರ ಕಲ್ಯಾಣದ ಕೂಟದಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ಈರಮ್ಮನನ್ನು ಬಲ್ಲವರು ಯಾರಾದರೂ ಇದ್ದೀರಾ ಎಂದು ಕೇಳುತ್ತೇನೆ. ಕೇಳುವಾಗ ಗುರುತು ಹೇಳಬೇಕಲ್ಲ ಎಂದು ಕಳೆದ ತಿಂಗಳು ಠಾಣೆಯ ಸಭೆಗೆ ಹೋಗಿ ಹಳೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕ ತೆಗೆಸಿದೆ. ಇರಲಾರದು ಎಂದು ಗೊತ್ತಿದ್ದೂ ತೆಗೆಸಿದೆ. ಆ ಈಸ್ಟರಿನ ಪುಟದಲ್ಲಿ ನಾಲ್ಕು ಹೆಸರುಗಳಿವೆ. ಪ್ರತಿ ಹೆಸರಿನ ಮುಂದೆ ತಂದೆಯ ಹೆಸರು, ಊರು, ತಾಲ್ಲೂಕು. ಯಾರನ್ನು ಬೇಕಾದರೂ ಹುಡುಕಿಕೊಂಡು ಹೋಗಬಹುದು. ಐದನೆಯ ಸಾಲು ಖಾಲಿ. ಅವಳ ಊರಿನ ಹೆಸರು ಬರೆದಿರಬೇಕಾಗಿದ್ದುದು ಅಲ್ಲೊಂದೇ ಕಡೆ. ಅದನ್ನು ನಾನೇ ತಪ್ಪಿಸಿದೆ. ನನ್ನ ನೋಟ್‌ಬುಕ್ಕಿನಲ್ಲಿ ಅವಳು ಆಡಿದ ಒಂದೊಂದು ಮಾತೂ ಇದೆ. ನಿನ್ನ ಊರು ಯಾವುದು ಈರಮ್ಮ ಎಂದು ಅಷ್ಟು ಭಾನುವಾರಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.